ಟ್ಯಾಂಕಿನ ಮುಚ್ಚಳ

ಜೂನ್ ಹನ್ನೆರಡು, ಗುರುವಾರ

ತಮ್ಮ ಊರಿಗೆ ಹೊರಟುಹೋದ. ಅವನು ಬಾಯಿ ಒರೆಸಿದ ಟವೆಲಿನ ಡೀಸೆಲ್ ವಾಸನೆ ಹೋಗಿಲ್ಲ.

ಡೀಸೆಲ್ ಟ್ಯಾಂಕಿಗೆ ನೀರು ಸೇರಿ ಪಿಕಪ್ ನಿಂತಿದ್ದಕ್ಕೆ ಯಜಮಾನರು ಗಾಡಿ ಓಡಿಸುತ್ತಿದ್ದ ಅವನನ್ನೇ ಬೈದು, ಗ್ಯಾರೇಜಿನವರ ಎದುರು ಪೈಪಿಗೆ ಬಾಯಿ ಹಾಕಿಸಿ ಕೆಟ್ಟ ಡೀಸೆಲ್ ಎಳೆಸಿದರು. "ಕುಡಿಯೋ ಭಾಮೈದ, ನಿಮ್ಮಪ್ಪನ ಮನೇಲಿ ನಂಗೆ ಇಷ್ಟೂ ಕೊಟ್ಟಿಲ್ಲ" ಅಂದರಂತೆ. ಎಲ್ಲರೂ ನಕ್ಕರಂತೆ.

ಮುಚ್ಚಳ ತೆಗೆದಿಟ್ಟು ಟ್ಯಾಂಕಿನ ಬಾಯಿಗೂ ನೀರು ಹಾಯಿಸಿ ಗಾಡಿ ತೊಳೆಯುವುದು ಯಜಮಾನರದೇ ಚಾಳಿ. ತಮ್ಮನಿಗೆ ಗೊತ್ತಿತ್ತು. ನನ್ನ ಸಂಸಾರ ಕೆಡಬಾರದೆಂದು ತಪ್ಪು ತನ್ನ ಮೇಲೆ ಹಾಕಿಕೊಂಡ. "ಅಕ್ಕ, ಇನ್ನು ಆ ಗಾಡಿ ಮುಟ್ಟಲ್ಲ" ಅಂತ ಬಸ್ಸು ಹತ್ತಿದ.

ಸಂಜೆ ಯಜಮಾನರು ಶಿಳ್ಳೆ ಹಾಕುತ್ತಾ ರಿಪೇರಿಯಾದ ಗಾಡಿ ತೊಳೆದರು. ಮುಚ್ಚಳ ಕಟ್ಟೆಯ ಮೇಲಿತ್ತು. ನೋಡಿದೆ. ಒಳಗೆ ಬಂದು ಊಟ ಬಡಿಸಿದೆ.

ನಾಳೆ ಬಾಡಿಗೆಗೆ ಅವರೊಬ್ಬರೇ ಹೋಗಬೇಕು. ಅದೇ ಪೈಪು ಸೀಟಿನ ಹಿಂದೆ ಇಟ್ಟಿದ್ದೇನೆ. ತೊಳೆದಿಲ್ಲ.