ಇಮಾಮರ ಬೆನ್ನ ಹಿಂದಿನ ಜಾಗ

ಸೆಪ್ಟೆಂಬರ್ 14, ಮಧ್ಯಾಹ್ನ

ಭಾನುವಾರದ ತರಗತಿ ಮುಗೀತು. ನಿಜವಾದ ತರಗತಿ ಯಾವತ್ತೂ ಆಮೇಲೆ, ಪಾರ್ಕಿಂಗ್ ಲಾಟಿನಲ್ಲಿ. ಇವತ್ತು ಸುಹೈರ್ ಕಾದು ನಿಂತಿದ್ದಳು. ಹೈಸ್ಕೂಲಿನ ಹುಡುಗಿ. ತಾಯಿ ಇಸ್ಲಾಮಿಗೆ ಬಂದವರು. ಅಜ್ಜಿ ಕೊನೆವರೆಗೂ ಚರ್ಚಿಗೆ ಹೋದವರು. ಅಜ್ಜಿ ಶುಕ್ರವಾರ ತೀರಿಕೊಂಡರಂತೆ.

"ಉಸ್ತಾದ್, ಚರ್ಚಿಗೆ ಹೋದ್ರೆ ತಪ್ಪಾ? ಅಮ್ಮ ಒಬ್ಬರೇ ಆಗ್ಬಿಡ್ತಾರೆ."

"ಹೋಗಮ್ಮ. ಅಮ್ಮನ ಪಕ್ಕ ನಿಂತ್ಕೋ. ಅವರ ಪ್ರಾರ್ಥನೆ ನೀನು ಹೇಳೋದು ಬೇಡ, ಅಷ್ಟೇ."

ಅತ್ತಳು. ಇಷ್ಟು ಹೇಳೋಕೆ ಆರು ವರ್ಷ ಓದಬೇಕಾಯ್ತು. ಹಳೆ ಗ್ರಂಥಗಳೂ ಗೊತ್ತಿರಬೇಕು, ಅಮೆರಿಕದ ಈ ಕೊಲಂಬಸ್ಸಿನ ಹೈಸ್ಕೂಲೂ ಗೊತ್ತಿರಬೇಕು.

ಸೆಪ್ಟೆಂಬರ್ 20

ಹಳೆ ಇಮಾಮರು ಮಗಳ ಮನೆಗೆ, ಸಿಯಾಟಲ್‌ಗೆ ಹೊರಟರು. ಜಾಗ ಖಾಲಿ.

ಅಪ್ಪ ಏಲಕ್ಕಿ ಟೀ ಸುರಿಯುತ್ತಾ, "ಲಿಬಾನ್, ಜುಬ್ಬಾ ಇಸ್ತ್ರಿ ಮಾಡಿಸ್ಕೋ" ಅಂದರು. ಮುಖದ ತುಂಬಾ ನಗು.

ಕೆಮಿಸ್ಟ್ರಿ ಬಿಟ್ಟು ಇಸ್ಲಾಮಿಕ್ ಕಾಲೇಜಿಗೆ ಸೇರಿದ್ದು ಅವರ ಮಾತಿಗೇ. "ಇಂಜಿನಿಯರು ಬೀದಿಗೊಬ್ಬ ಸಿಕ್ತಾನೆ. ಇಲ್ಲೇ ಹುಟ್ಟಿ, ಇಲ್ಲೇ ಧರ್ಮ ಓದಿದವನು ನಮ್ಮಲ್ಲಿ ಒಬ್ಬನೂ ಇಲ್ಲ. ನೀನಾಗು. ಈ ಮಸೀದಿ ನಿನ್ನದು." ಊರವರ ಎದುರೇ ಹೇಳಿದ್ದರು. ಆಗಿನ್ನೂ ಅದು ಹಳೆ ಕಾರ್ಪೆಟ್ ಅಂಗಡಿ, ಅಂಟಿನ ವಾಸನೆ ಹೋಗಿರಲಿಲ್ಲ.

ಅಕ್ಟೋಬರ್ 4

ನಾಳೆ ಹೊಸ ಇಮಾಮರನ್ನು ಆರಿಸೋ ಸಮಿತಿ ಸಭೆ. ಸೊಮಾಲಿ ನಾಡಿನಿಂದ, ಅಪ್ಪನ ಹುಟ್ಟೂರು ಹರ್ಗೈಸಾದಿಂದ ಯಾರೋ ಶೇಖ್‌ರನ್ನು ಕರೆಸೋ ಮಾತೂ ಇದೆಯಂತೆ. ಅಧ್ಯಕ್ಷ ಜಾಮ ಚಿಕ್ಕಪ್ಪ ಸಮೋಸ ಕಡೀತಾ ಅಂದದ್ದು — "ನಿನ್ನ ಮೂಗು ಒರೆಸಿದ ಕೈ ಕಣೋ ಇದು. ನಿನ್ನ ಹಿಂದೆ ನಿಂತು ನಮಾಜು ಮಾಡ್ಲಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಹಿತ್ತಲ ಗಿಡ ಮದ್ದಲ್ಲ, ಗೊತ್ತಿದ್ದದ್ದೇ.

ಪರವಾಗಿಲ್ಲ. ಮೂವರು ಅತ್ತ, ಮೂವರು ಇತ್ತ. ಏಳನೆಯವರು ಅಪ್ಪ.

ಅಕ್ಟೋಬರ್ 5

ಅಪ್ಪ ಕೈ ಎತ್ತಿದರು. ಶೇಖ್‌ಗೆ.

ಅಕ್ಟೋಬರ್ 17

ಕೊನೆಗೂ ಕೇಳಿದೆ. ಅಡುಗೆಮನೆಯಲ್ಲಿ, ಅವರು ಪಾತ್ರೆ ತೊಳೆಯುವಾಗ.

"ಯಾಕಪ್ಪಾ?"

"ಅವರು ಕುರಾನ್ ಓದಿದ್ರೆ ನನ್ನಪ್ಪ ಓದಿದ ಹಾಗೇ ಕೇಳ್ಸುತ್ತೆ ಕಣೋ. ವೀಡಿಯೊ ನೋಡ್ತಾ ಅತ್ಬಿಟ್ಟೆ."

"ನಾನು ಓದಿದ್ರೆ?"

"ಚೆನ್ನಾಗೇ ಓದ್ತೀಯ. ಆದ್ರೆ ನೀನು... ನಮ್ಮ ಲಿಬಾನ್ ಅಲ್ವೇನೋ."

ಆರು ವರ್ಷ! ನಂಬಿಸಿ ಕತ್ತು ಕೊಯ್ದರು. ಜಾಮ ಚಿಕ್ಕಪ್ಪ ಮಾಡಿದ್ದರೆ ಬಾಯಿತುಂಬಾ ಬೈದು ಮಲಗ್ತಿದ್ದೆ. ಅಪ್ಪನನ್ನು ಏನಂತ ಬೈಯಲಿ? ಪಾತ್ರೆ ಒರೆಸಿಟ್ಟು ಬಂದೆ.

ಜನವರಿ 18

ಡೈರಿ ಮುಟ್ಟಿರಲಿಲ್ಲ. ಬರೆಯೋಕೆ ಏನಿತ್ತು.

ಶೇಖ್ ಬಂದು ಎರಡು ವಾರ. ಒಳ್ಳೆಯ ಮನುಷ್ಯ, ಅದೇ ಕಷ್ಟ. ಚಳಿಗೆ ನನ್ನ ಕೋಟನ್ನೇ ಕೊಟ್ಟಿದ್ದೇನೆ. ಸುಹೈರ್ ಇವತ್ತು ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕಳು.

"ಹುಡುಗರ ಜೊತೆ ಈಜೋ ಪೀರಿಯಡ್ ಇದೆ, ಏನ್ ಮಾಡ್ಲಿ ಅಂತ ಶೇಖ್‌ನ ಕೇಳ್ದೆ. ಶಾಲೆ ಬದಲಾಯಿಸು ಅಂದ್ರು. ಯಾವ ಶಾಲೆಗೆ ಉಸ್ತಾದ್? ಚಂದ್ರಲೋಕದಲ್ಲಿ ಇದೆಯಾ?"

ಟೀಚರಿಗೆ ಹೇಗೆ ವಿನಾಯಿತಿ ಕೇಳಬೇಕು ಅಂತ ಹೇಳಿಕೊಟ್ಟೆ. ಕೇಳಿಸಿಕೊಂಡಳು. "ಇನ್ಮೇಲೆ ಮಸೀದಿಗೆ ಬರಲ್ಲ" ಅಂತಲೂ ಅಂದಳು. ಅವಳನ್ನು ತಡೆಯಲು ನಾನ್ಯಾರು? ಈ ಮಸೀದಿಯಲ್ಲಿ ನನಗೇನು ಸ್ಥಾನ?

ಜನವರಿ 30, ಶುಕ್ರವಾರ, ಸಂಜೆ

ನಮಾಜಿಗೆ ಮುಂಚೆ ಜಾಮ ಚಿಕ್ಕಪ್ಪ ತೋಳು ಹಿಡಿದು ಎಳೆದರು. "ಶೇಖ್ ಬೆನ್ನ ಹಿಂದೇನೇ ನಿಲ್ಲು. ಅವರು ಓದ್ತಾ ಮರೆತ್ರೆ ಮುಂದಿನ ಮಾತು ಎತ್ತಿಕೊಡು." ಅದು ಓದಿದವನ ಜಾಗ. ಮುಂದೆ ನಿಲ್ಲಲು ಲಾಯಕ್ಕಿಲ್ಲ, ತಿದ್ದಲು ಲಾಯಕ್ಕು. ಪಕ್ಕದಲ್ಲಿ ಅಪ್ಪ, ಭುಜಕ್ಕೆ ಭುಜ.

ದನಿ — ನಿಜ, ಚೆನ್ನಾಗಿದೆ. ಅಪ್ಪ ಮೂಗೆಳೆಯುವುದು ಕೇಳಿಸಿತು. ನಮಾಜಿನ ಎರಡನೇ ಸುತ್ತು, ಎರಡನೇ ರಕಾತಿನಲ್ಲಿ ಶೇಖ್ ಓದು ನಡುವೆ ನಿಂತುಬಿಟ್ಟರು. ಹಿಂದಿನ ವಾಕ್ಯದಿಂದ ಮತ್ತೆ ಓದಿದರು. ಅದೇ ಜಾಗ. ಮತ್ತೆ ನಿಂತರು.

ಮುಂದಿನ ಮಾತು ನನ್ನ ನಾಲಿಗೆ ಮೇಲಿತ್ತು. ಸುಮ್ಮನಿದ್ದೆ. ಹೌದು, ಬೇಕೆಂದೇ. ನಿಲ್ಲಲಿ, ಎಲ್ಲರೂ ನೋಡಲಿ, ಅಪ್ಪ ನೋಡಲಿ. ಶೇಖ್ ಕಿವಿ ಕೆಂಪಾಯ್ತು. ಮೈಮೇಲೆ ನನ್ನದೇ ಕೋಟು.

ಮಾತು ದೇವರದ್ದು. ಶೇಖ್‌ರದ್ದೂ ಅಲ್ಲ, ಸಮಿತಿಯದ್ದೂ ಅಲ್ಲ. ಹೇಳಿಕೊಟ್ಟೆ.

ಕಾರಿನಲ್ಲಿ ಅಪ್ಪ ನನ್ನ ತೊಡೆ ತಟ್ಟಿದರು. ಕಣ್ಣಲ್ಲಿ ನೀರು. "ನೋಡಿದ್ಯಾ? ಇದಕ್ಕೇ ಕಣೋ ಮಗನೇ ನಿನ್ನನ್ನ ಓದಿಸಿದ್ದು."

ಹೆಮ್ಮೆ. ಸುಳ್ಳಲ್ಲ, ನಿಜವಾದ ಹೆಮ್ಮೆ.

"ನಿಲ್ಸಿ ಅಪ್ಪಾ."

"ಇಲ್ಲೇನೋ? ಈ ಹಿಮದಲ್ಲೇನೋ?"

ನಿಲ್ಲಿಸಿದರು. ಇಳಿದೆ. ಬಾಗಿಲು ಹಾಕುವ ಮುಂಚೆ ಅಂದೆ — ಅಪ್ಪಾ, ಮುಂದಿನ ಶುಕ್ರವಾರದಿಂದ ಆ ಜಾಗದಲ್ಲಿ ನೀವೇ ನಿಂತ್ಕೊಳ್ಳಿ, ನಾನು ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಮಕ್ಕಳ ಜೊತೆ ಇರ್ತೀನಿ.