ಮರಳುನೀಲಿ ಸಿಕ್ಕಿದೆ

ಪ್ರೀತಿಯ ಚಿಕ್ಕಮ್ಮ,

ಕೂತುಕೊಂಡೇ ಓದು. ಕನ್ನಡಕ ಹಣೆಯ ಮೇಲೇ ಇರುತ್ತದೆ, ಮನೆಯೆಲ್ಲಾ ಹುಡುಕಬೇಡ. ಮರಳುನೀಲಿ ಸಿಕ್ಕಿದೆ. ಹೌದು, ನಿನ್ನದೇ ಮರಳುನೀಲಿ, ನಿರ್ನಾಮವಾಯಿತೆಂದು ನಮ್ಮ ಅರಣ್ಯ ಇಲಾಖೆ ಕೈತೊಳೆದುಕೊಂಡ ಹೂವು. ಕೆಲವು ವಾರವಾಯಿತು ಸಿಕ್ಕಿ. ನಿನಗೆ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ. ಇವತ್ತು ಇನ್ನು ತಡೆಯಲಾರೆ.

ಕಡಲಂಚಿನ ಕಾಡಿನಲ್ಲಿ ದೋಣಿ ಎಳೆದೊಯ್ಯುವ ದಾರಿ ಇದೆಯಲ್ಲ, ಅಲ್ಲಿ ಹೋಗುತ್ತಿದ್ದೆ. ಒಂಟಿ ಕಾಲಲ್ಲಿ ನಿಂತು ಬೂಟಿನ ಮರಳು ಕೊಡವುವಾಗ ನೋಡಿದರೆ, ದೋಣಿಯ ಗೀರಿನ ಅಂಚಿನಲ್ಲಿ ಉಗುರಿನಷ್ಟು ನೀಲಿ. ಎತ್ತಿದ ಕಾಲನ್ನು ಊರಿದ್ದರೆ ಅದರ ಮೇಲೆಯೇ ಊರುತ್ತಿದ್ದೆ. ಕುಂಟುತ್ತಾ ಹಿಂದೆ ಸರಿದು ದೊಪ್ಪನೆ ಬಿದ್ದೆ, ಬಿದ್ದಲ್ಲೇ ನಕ್ಕೆ. ದೋಣಿ ರಿಪೇರಿಯ ಬಡಗಿ ಓಡಿ ಬಂದು, "ಇದಕ್ಕಾ ಇಷ್ಟು ರಂಪ? ನಾನು ಕಾಲೇ ಮುರೀತೇನೋ ಅಂದ್ಕೊಂಡೆ" ಅಂದ.

ಈಗ ಮನಸ್ಸು ಗಟ್ಟಿ ಮಾಡಿಕೊ. ಹೂವಿರುವುದು, ಅದನ್ನು ಉಳಿಸಲೆಂದೇ ನೀನು ಹಾಕಿಸಿದ ಬೇಲಿಯ ಹೊರಗೆ. ಒಳಗೆ ಒಂದೂ ಇಲ್ಲ. "ಒಳಗೆ ಯಾರೂ ಕಾಲಿಡೋ ಹಾಗಿಲ್ಲ" ಎಂದು ಮೇಲಧಿಕಾರಿಯನ್ನೇ ಗೇಟಿನ ಹೊರಗೆ ನಿಲ್ಲಿಸಿದವಳು ನೀನು. ಯಾರೂ ತುಳಿಯದ ಮರಳು ಬಿಗಿದುಕೊಂಡಿತು, ತರಗೆಲೆ ಮುಚ್ಚಿತು, ಪೊದೆ ಬೆಳೆದು ಬಿಸಿಲು ತಪ್ಪಿತು. ಈ ತುಂಟಿಗೆ ಬೇಕಾದದ್ದು ಕೆದರಿದ ಮರಳು, ನೆತ್ತಿಯ ಮೇಲೆ ಬಿಸಿಲು. ಅಪರೂಪದ ಗಿಡವೆಂದರೆ ಮುಟ್ಟಬಾರದು ಎಂದಷ್ಟೇ ನಮಗೆಲ್ಲ ಗೊತ್ತಿತ್ತು.

ನಿವೃತ್ತಿಯ ದಿನ ನೀನು, "ನನ್ನ ಕೈಯಲ್ಲೇ ಹೋಯ್ತು ಕಣೇ" ಅಂದದ್ದು ನನ್ನ ಎದೆಯಲ್ಲಿ ಹಾಗೇ ಕೂತಿದೆ. ಆಮೇಲೆ ನೀನು ಕಾಡಿನ ಕಡೆ ತಲೆ ಹಾಕಲಿಲ್ಲ. ಬಾಲ್ಕನಿಯಲ್ಲಿ ಒಂದು ಕುಂಡ ಕೂಡ ಇಡಲಿಲ್ಲ. ಅದಕ್ಕೇ ನಿನ್ನ ಬೇಲಿಯೊಳಗಿನ ಮರಳನ್ನು ಒಂದು ತಟ್ಟೆ ತಂದು, ಆಫೀಸಿನ ಕಿಟಕಿಯಲ್ಲಿಟ್ಟು, ಬೆರಳಾಡಿಸಿ ನೀರು ಚಿಮುಕಿಸುತ್ತಾ ಬಂದೆ. ಇವತ್ತು ಬೆಳಿಗ್ಗೆ ಪುಟ್ಟ ಎಲೆಗಳು ಬಿಚ್ಚಿಕೊಂಡಿವೆ, ಎಲೆಯ ಬೆನ್ನಲ್ಲಿ ಅದೇ ಬಿಳಿ ನವಿರು. ಬೀಜ ಸತ್ತಿಲ್ಲ ಚಿಕ್ಕಮ್ಮ, ಮಲಗಿದೆ. ಬೇಲಿ ಇಲ್ಲದಿದ್ದರೆ ಆ ಮರಳಿನ ಮೇಲೆ ಎಂದೋ ಹೋಟೆಲ್ಲು ಎದ್ದಿರುತ್ತಿತ್ತು.

ತಜ್ಞರ ಸಮಿತಿ ಬಂದು ಹೋಯಿತು. 'ನಿರ್ನಾಮ' ಹೋಗಿ 'ತೀವ್ರ ಅಪಾಯದಲ್ಲಿದೆ' ಎಂದಾಗಿದೆ. ನಮ್ಮವರು ಐಸಿಯುನಲ್ಲಿದ್ದಾರೆಂದು ಕೇಳಿ ಕುಣಿದಾಡಿದ ಆಫೀಸು ಜಗತ್ತಿನಲ್ಲಿ ನಮ್ಮದೊಂದೇ ಇರಬೇಕು. ಹೂವೇ ಇಲ್ಲವೆಂದು ಕಾಡು ಕಡಿಯಲು ಹೊರಟಿದ್ದ ರಸ್ತೆಯವರು ಯಂತ್ರ ಹಿಂದಕ್ಕೆ ಒಯ್ದರು.

ಬೇಲಿಯೊಳಗಿನ ಪೊದೆ ಸವರಿಯಾಗಿದೆ. ಇನ್ನು ಮರಳನ್ನು ತುಳಿದು ಸಡಿಲ ಮಾಡಬೇಕು. ಕೆಲಸಕ್ಕೆ ಜನ ಸಿದ್ಧವಿದ್ದಾರೆ, ನಾನೇ ತಡೆದಿದ್ದೇನೆ. ಇಷ್ಟು ವರ್ಷ ಯಾರನ್ನೂ ಬಿಡದೆ ಕಾದವಳು ನೀನು, ಮೊದಲ ಹೆಜ್ಜೆಯೂ ನಿನ್ನದೇ ಆಗಬೇಕು. ಮೊಣಕಾಲು ನೋವಿನ ನೆಪ ಬೇಡ, ಕೈ ಹಿಡಿಯಲು ನಾನಿದ್ದೇನೆ. ಬಂದು ಮನಸಾರೆ ತುಳಿ.

ಹಿರಿಯರನ್ನು ಕಿರಿಯರು ಹರಸಬಾರದಂತೆ, ಆದರೂ ಹರಸುತ್ತೇನೆ: ನಿನ್ನ ಹೆಜ್ಜೆ ಬಿದ್ದಲ್ಲೆಲ್ಲ ನೀಲಿ ಅರಳಲಿ.

ದಾರಿ ಕಾಯುತ್ತಿರುವ
ನಿನ್ನ ಅಕ್ಕನ ಮಗಳು