ಹುಮೇರಾಳ ಹೆಸರಿಗೆ ಜಾಗ

ಹುಮನಾಬಾದ
9 ಜನವರಿ 2025

ಪ್ರೀತಿಯ ಹುಮೇರಾಗೆ ನಿನ್ನ ಶೀತಲಳ ಸಲಾಂ.

ಮಗು ಹೇಗಿದೆ? ನಿನ್ನ ಫೋನ್ ಈಗಲೂ ಅಮ್ಮಿಯ ಹತ್ತಿರವೇ ಇರುತ್ತದೆ ಎಂದು ನಿನ್ನ ಯಜಮಾನರು ಏಜಾಜ್ ಭಾಯಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಮಾತಾಡುತ್ತೀ, ನಾನು ಹೇಳಬೇಕಾದ್ದು ಅರ್ಧಕ್ಕೆ ನಿಲ್ಲುತ್ತದೆ.

ಮೊದಲು ಸಂತೋಷದ ಸುದ್ದಿ. ಬಳೆಗಾರ್ತಿಯರ ಬಗ್ಗೆ ನಾವು ಬರೆದ ಲೇಖನ ಅಚ್ಚಾಗಿದೆ. ನೀನು ಬಸವಕಲ್ಯಾಣದ ಓಣಿಗಳಲ್ಲಿ, ನಾನು ಹುಮನಾಬಾದ ಮತ್ತು ದುಬಲಗುಂಡಿಯಲ್ಲಿ ಬಿಸಿಲು ನೋಡದೆ ತಿರುಗಿದ್ದು ವ್ಯರ್ಥವಾಗಲಿಲ್ಲ. ಇದರ ಜೊತೆ ಒಂದು ಪ್ರತಿ ಇಟ್ಟಿದ್ದೇನೆ. ಅದನ್ನು ಬಿಚ್ಚುವ ಮೊದಲು ಈ ಕಾಗದವನ್ನು ಕೊನೆಯವರೆಗೆ ಓದು.

ನವೆಂಬರಿನಲ್ಲಿ ಮಗುವನ್ನು ನೋಡಲು ಮಂಠಾಳಕ್ಕೆ, ನಿನ್ನ ತವರಿಗೆ ಬಂದಿದ್ದೆನಲ್ಲ. ಬಾಣಂತಿಯರಿಗೆ ಮಾಡುವ ಬಿಸಿ ಅಚವಾನಿಯನ್ನು ಅಮ್ಮಿ ನನಗೂ ಒಂದು ಬಟ್ಟಲು ಕೊಟ್ಟರು. ಮದುವೆಯಾಗದವಳಿಗೆ ಬಾಣಂತನ ಎಂದು ನೀನು ನಕ್ಕೆ. ಆಮೇಲೆ ಲೇಖನದ ಮಾತು ಬಂತು. ಮಾರ್ಚ್ ಒಳಗೆ ನಿನ್ನ ಹೆಸರಿನಲ್ಲಿ ಅಚ್ಚಾದ ಲೇಖನವೊಂದನ್ನು ತೋರಿಸದಿದ್ದರೆ ಪಿಎಚ್.ಡಿ. ನೋಂದಣಿ ರದ್ದಾಗುತ್ತದೆ, ಇದೊಂದೇ ಆಸರೆ ಎಂದೆ. ರೆಫರೆನ್ಸ್ ಪಟ್ಟಿಯನ್ನು ಪತ್ರಿಕೆಯವರ ಕ್ರಮಕ್ಕೆ ಜೋಡಿಸುವುದು ಉಳಿದಿದೆ ಎಂದು ನಾನು ಹೇಳಿದೆ. ನೀನು ಮಗುವನ್ನು ಮಗ್ಗುಲಿಗೆ ಹಾಕಿಕೊಳ್ಳುತ್ತ, "ಈಗ ನನಗ ಏನೂ ಕೇಳಬ್ಯಾಡ. ಕಾಮಾ ಎಲ್ಲಿ, ಚುಕ್ಕಿ ಎಲ್ಲಿ, ಎಲ್ಲಾ ನಿನಗ ಗೊತ್ತದ. ನೀನೇ ನೋಡ್ಕೋ" ಎಂದೆ. ನಾನೇ ನೋಡಿಕೊಂಡಿದ್ದೇನೆ.

ಪಟ್ಟಿ ಮಾಡುವುದು ಎಂಥ ಕೆಲಸ ಎಂದು ನೀನು ಯಾವತ್ತೂ ಕೇಳಿದವಳಲ್ಲ. ಮನೆತನದ ಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಕಂಸದಲ್ಲಿ ವರ್ಷ, ಪುಸ್ತಕದ ಹೆಸರು ಓರೆ ಅಕ್ಷರದಲ್ಲಿ. ನಮ್ಮ ಕಡೆಯ ಹೆಂಗಸರು ಆ ಅಚ್ಚಿನಲ್ಲಿ ಕೂರುವುದಿಲ್ಲ. ನಿನಗೆ ಅಷ್ಟೆಲ್ಲ ಹೇಳಿದ ಬಳೆಗಾರ್ತಿ ಹಜಿರಾ ಬೀ ಕಂಪ್ಯೂಟರಿನಲ್ಲಿ 'ಬೀ, ಹಜಿರಾ' ಆದಳು. ನನ್ನ ದುಬಲಗುಂಡಿಯ ಗಯಾಬಾಯಿ 'ಬಾಯಿ, ಗಯಾ' ಆದಳು. ಒಬ್ಬಳೇ ಕೂತು ನಕ್ಕೆ. ಕೊನೆಗೆ ಇಬ್ಬರನ್ನೂ ತೆಗೆದೆ. ಓದುಗರು ಹುಡುಕಿ ನೋಡಲಾಗದ ಸಂದರ್ಶನ ಪಟ್ಟಿಯಲ್ಲಿ ಬರಬಾರದು ಎಂದು ನಿಯಮವಿದೆ.

ಪುಸ್ತಕದಲ್ಲಿ ನನ್ನ ಹೆಸರು ಬರುತ್ತದಲ್ಲ ಎಂದು ಹಜಿರಾ ಬೀ ನಿನ್ನನ್ನು ಕೇಳುತ್ತಲೇ ಇದ್ದಳು. ಇಲ್ಲವೆಂದು ನೀನೇ ಹೇಳು, ಮಾತು ಕೊಟ್ಟವಳು ನೀನು. ನನ್ನ ಮಾತನ್ನು ಆಕೆ ಕೇಳುವುದಿಲ್ಲ. ಒಮ್ಮೆ ನೀನಿಲ್ಲದಾಗ ಹೋಗಿ ಕೂತರೆ, "ಹುಮೇರಾ ಬಂದ್ರ ಹೇಳ್ತೀನ್ರಿ. ನಿಮಗ ಬೇಕಂದ್ರ ಬಳಿ ಇಡ್ತೀನಿ, ಕೈ ತರ್ರಿ" ಎಂದಿದ್ದಳು.

ಈಗ ನಿನ್ನ ಹೆಸರಿನ ವಿಷಯ. ಲೇಖನ ಒಪ್ಪಿದ ಮೇಲೆ ಪತ್ರಿಕೆಯವರು ನಮ್ಮಿಬ್ಬರಿಗೂ ಇ-ಮೇಲಿನಲ್ಲಿ ಲಿಂಕ್ ಕಳಿಸಿದ್ದರು. ಲೇಖಕರು ಒಂದು ವಾರದೊಳಗೆ ಅದನ್ನು ತೆರೆದು ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಲೇಖನ ಮುಂದಿನ ಸಂಚಿಕೆಗೆ ಹೋಗುತ್ತದೆ. ನಾನು ಕೊಟ್ಟೆ. ನಿನ್ನದು ಬರಲಿಲ್ಲ. ಆ ವಾರವೇ ನಾನು ಮಂಠಾಳಕ್ಕೆ ಬಂದದ್ದು ಹೌದು. ಪಟ್ಟಿಯ ಮಾತು ಬಂತು, ಲಿಂಕಿನ ಮಾತು ಬರಲಿಲ್ಲ. ಮಗುವಿನ ಮುಖ ನೋಡುತ್ತ ಅದನ್ನೆಲ್ಲ ತೆಗೆಯುವುದು ಸರಿ ಕಾಣಲಿಲ್ಲ. ವಾರದ ಕೊನೆಯ ದಿನ ಲೇಖಕರ ಜಾಗದಿಂದ ನಿನ್ನ ಹೆಸರು ತೆಗೆದೆ.

ಪೂರ್ತಿ ಬಿಡಲು ಮನಸ್ಸಾಗಲಿಲ್ಲ. ನಿನ್ನನ್ನು ರೆಫರೆನ್ಸ್ ಪಟ್ಟಿಗೆ ತಂದೆ. 'ಬೇಗಂ, ಹುಮೇರಾ. ಅಪ್ರಕಟಿತ ಟಿಪ್ಪಣಿಗಳು' ಎಂದು. ನೋಡಲು ಚೆನ್ನಾಗಿತ್ತು. ಅಚ್ಚಾಗದ ಬರಹ ಪಟ್ಟಿಯಲ್ಲಿ ಬೇಡ, ವಾಕ್ಯದ ಕೊನೆಗೆ ಕಂಸದಲ್ಲಿ ಹಾಕಿ ಎಂದು ಸಂಪಾದಕರು ಬರೆದರು. ಹಾಗೆಯೇ ಮಾಡಿದೆ. ಆಮೇಲೆ ಪದಗಳ ಮಿತಿ ಮೀರಿತು, ಕಂಸಗಳನ್ನು ಕಡಿದೆ. ಕೊನೆಯಲ್ಲಿ ಕೃತಜ್ಞತೆಗೆ ಒಂದು ಸಾಲು ಇತ್ತು. ಅಲ್ಲಿ ನಮ್ಮ ಕಾಲೇಜಿನ ಪ್ರಾಂಶುಪಾಲರನ್ನು ಹಾಕಬೇಕಾಯಿತು. ನನ್ನ ಖಾಯಂ ಹುದ್ದೆಯ ಸಂದರ್ಶನ ಮಾಡಲು ಕೂರುವವರು ಅವರೇ. ಇಬ್ಬರು ಬರೆದ ಲೇಖನದ ಅಂಕ ಹಂಚಿಹೋಗುತ್ತದೆ, ಒಬ್ಬರೇ ಬರೆದದ್ದಕ್ಕೆ ಪೂರ್ತಿ ಸಿಗುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು.

ನೀನು ಈಗ ಕಲಬುರ್ಗಿಯ ವಿಚಾರ ಸಂಕಿರಣದ ಮಾತು ತೆಗೆಯಬಹುದು. ಹಾಗೇನೂ ಇಲ್ಲ. ಅಂದು ಎಲ್ಲರೂ ನಿನ್ನನ್ನೇ ಪ್ರಶ್ನೆ ಕೇಳಿದರು, ನೀನು ಚೆನ್ನಾಗಿಯೇ ಉತ್ತರಿಸಿದೆ. ಮುಂದೆ ಕೂತಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಹಂಗಾದ್ರ ನೀವು ಬರೀ ಕಾಮಾ ಇಡೋರು ಏನ್ರಿ, ಬಾಯಿ?" ಎಂದಾಗ ಸಭೆ ನಕ್ಕಿತು. ನೀನೂ ನಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ, ಹುಮನಾಬಾದ ಬರುವವರೆಗೂ ಅವರ ದನಿಯಲ್ಲೇ ಅದನ್ನು ಹೇಳಿ ಹೇಳಿ ನಗಿಸಿದೆ. ನಾನೂ ನಕ್ಕಿದ್ದೆ, ನೋಡಿದ್ದೆಯಲ್ಲ. ಇಂಥದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ ನಾನು.

ಮಾರ್ಚ್ ನನಗೆ ನೆನಪಿದೆ. ಅದು ದಾಟಿದರೆ ಏನಾದೀತು? ನಿನಗೆ ಗಂಡ ಇದ್ದಾರೆ, ಮಗು ಇದೆ. ಹೆಸರಿನ ಮುಂದೆ ಡಾಕ್ಟರ್ ಇಲ್ಲವೆಂದು ಓಣಿಯಲ್ಲಿ ಯಾರೂ ಕೇಳುವುದಿಲ್ಲ. ನನಗೆ ಈ ಹುದ್ದೆ ಬಿಟ್ಟರೆ ಬೇರೆ ಇಲ್ಲ. ಇದನ್ನು ನೀನೇ ಎಷ್ಟೋ ಸಲ ಕನಿಕರದಿಂದ ಹೇಳಿದ್ದೀ.

ಒಂದು ಉಪಕಾರ ಆಗಬೇಕು. ಹುದ್ದೆಯ ಸಂದರ್ಶನದಲ್ಲಿ ಓಣಿಯ ಹೆಂಗಸರ ಧ್ವನಿಮುದ್ರಣ ಕೇಳಿದರೆ ತೋರಿಸಲು ನನ್ನ ಹತ್ತಿರ ಇಲ್ಲ, ಎಲ್ಲ ನಿನ್ನ ಫೋನಿನಲ್ಲಿವೆ. ಅದರ ಮೆಮೊರಿ ಕಾರ್ಡನ್ನು ಏಜಾಜ್ ಭಾಯಿಯ ಕೈಯಲ್ಲಿ ಕಳಿಸಿಕೊಡು. ಹಜಿರಾ ಬೀ ದಖನಿ ಉರ್ದುವಿನಲ್ಲಿ ಹೇಳಿದ್ದರ ಅರ್ಥವನ್ನೂ ಒಂದು ಹಾಳೆಯಲ್ಲಿ ಬರೆದಿಡು. ನನಗೆ ಅದು ಪೂರ್ತಿ ತಿಳಿಯುವುದಿಲ್ಲ.

ತಂಪಿನಲ್ಲಿ ಓಡಾಡಬೇಡ. ಅಮ್ಮಿಗೆ ನನ್ನ ಸಲಾಂ, ಮಗುವಿಗೆ ಮುತ್ತು.

ಎಂದಿಗೂ ನಿನ್ನ ಗೆಳತಿಯೇ ಆದ
ಶೀತಲ

ತಾ.ಕ.: ಓಣಿಗಳ ಭಾಗ ನೀನೇ ಬರೆದದ್ದೆಂದು ಅದನ್ನು ಬೇರೆ ಪತ್ರಿಕೆಗೆ ಕಳಿಸುವ ಯೋಚನೆ ಬರಬಹುದು. ಕಳಿಸಬೇಡ. ಈಗ ಎಲ್ಲ ಕಡೆ ಕಂಪ್ಯೂಟರಿನಲ್ಲಿ ನಕಲು ಪತ್ತೆ ಮಾಡುತ್ತಾರೆ. ಸಾಲು ಸಾಲಿಗೂ ಅದು ನನ್ನ ಲೇಖನವನ್ನೇ ತೋರಿಸುತ್ತದೆ, ಕದ್ದವಳು ಎಂಬ ಮಾತು ನಿನ್ನ ಮೇಲೆ ಬರುತ್ತದೆ. ನಿನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲೂ ಅವೇ ಸಾಲುಗಳಿವೆ. ನೋಂದಣಿಯ ಅವಧಿಯನ್ನು ವಿಶ್ವವಿದ್ಯಾಲಯದವರು ಮುಂದೆ ಹಾಕಿದರೂ, ನನ್ನನ್ನು ಉಲ್ಲೇಖಿಸದೆ ಆ ಅಧ್ಯಾಯ ಕೊಡಲಾಗದು. ಪಟ್ಟಿ ಬರೆದು ನಿನಗೆ ರೂಢಿಯಿಲ್ಲ, ಅದಕ್ಕೆ ನಾನೇ ಬರೆದುಕೊಟ್ಟಿದ್ದೇನೆ. ಹೀಗೇ ಇಳಿಸಿಕೋ:

ಬಿರಾದಾರ, ಶೀತಲ. (2025). ಬಳೆ ಇಡುವವರು: ಬಸವಕಲ್ಯಾಣದ ಓಣಿಗಳಲ್ಲಿ ಒಂದು ಕ್ಷೇತ್ರಕಾರ್ಯ.